ಹೊಸ್ತಿಲ ಮೇಲಿನ ರಾಯಭಾರ ಕಚೇರಿ

ನಮ್ಮೂರಿನಲ್ಲಿ ಹೊಸ್ತಿಲ ಮೇಲೆ ನಿಂತು ಯಾರೂ ಮಾತು ಕೊಡುವುದಿಲ್ಲ. ಕೊಟ್ಟರೆ ಆ ಮಾತು ನಡೆಯುವ ತನಕ ಆ ಮನೆಯ ಬಾಗಿಲು ಮುಚ್ಚುವುದಿಲ್ಲ. ಇಲ್ಲವೇ ಕೊಟ್ಟವನೇ ಬಂದು, ಅದೇ ಹೊಸ್ತಿಲ ಮೇಲೆ ನಿಂತು, ನನ್ನ ಮಾತು ಹಿಂದಕ್ಕೆ ತಗೊಂಡೆ ಎನ್ನಬೇಕು. ಬಡಗಿಯನ್ನು ಕರೆಸಿದರೂ ಅಷ್ಟೆ, ಹತ್ತು ಆಳು ಹೆಗಲು ಕೊಟ್ಟು ದಬ್ಬಿದರೂ ಅಷ್ಟೆ. ಹಾಗಾಗಿ ಬೇರೆ ಊರಿನಲ್ಲಿ ಬಂದವರಿಗೆ 'ಒಳಗ ಬರ್ರಿ' ಎಂದರೆ ನಮ್ಮೂರಿನಲ್ಲಿ 'ಇಳದು ಮಾತಾಡ್ರಿ' ಎನ್ನುತ್ತೇವೆ. ಅದೇ ಇಲ್ಲಿಯ ಮರ್ಯಾದೆ. ದರ್ಜಿ 'ನಾಳೆ ಕೊಡ್ತೀನಿ' ಎನ್ನುವ ಮೊದಲು ಅಂಗಡಿಯ ಮೆಟ್ಟಿಲು ಇಳಿಯುತ್ತಾನೆ. ಹೆಣ್ಣು ಒಪ್ಪಿದ ಮಾತನ್ನು ಬೀಗರು ಬೀದಿಯಲ್ಲಿ ಜಮಖಾನೆ ಹಾಸಿ ಆಡುತ್ತಾರೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ಉಳಿದವರು ಸುಮ್ಮನೆ ಹೇಳುತ್ತಾರೆ. ನಾವು ಅನುಭವಿಸಿ ಹೇಳುತ್ತೇವೆ.

ನನ್ನ ಹೆಸರು ಮಲ್ಕಾ. ನಮ್ಮ ಓಣಿಗೆ ಶನಿವಾರದ ಓಣಿ ಎಂದು ಹೆಸರು. ನಾವು ಯೆಹೂದಿಗಳು, ಎಷ್ಟೋ ತಲೆಮಾರಿನಿಂದ ಗಾಣದ ಎಣ್ಣೆ ತೆಗೆದು ಬದುಕಿದವರು, ಶನಿವಾರ ಗಾಣ ನಿಲ್ಲಿಸುವವರು. ಹನ್ನೊಂದು ಮನೆ, ನಲವತ್ತೊಂದು ವೋಟು. ಊರಿಗೆ ನಮ್ಮ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು: ಕುಸುಬಿ ಎಣ್ಣೆ ಬೇಕಾದರೆ ಶುಕ್ರವಾರ ಮಧ್ಯಾಹ್ನದೊಳಗೆ ಬರಬೇಕು. ನೂರಾರು ವರ್ಷ ಹಾಗೇ ನಡೆಯಿತು. ಪುರಸಭೆಯ ಕಳೆದ ಚುನಾವಣೆಯಲ್ಲಿ ನಮ್ಮ ವಾರ್ಡು ಮೂವತ್ತು ವೋಟಿನ ಅಂತರದಲ್ಲಿ ತೀರ್ಮಾನವಾಯಿತು ನೋಡಿ, ಅಂದಿನಿಂದ ನಮ್ಮ ಗ್ರಹಚಾರ ಶುರುವಾಯಿತು.

ನನ್ನ ಗಂಡ ಹನೋಕ್ ಹೊಸ್ತಿಲ ನಿಯಮವನ್ನು ಒಂದೇ ಒಂದು ಸಲ ಮರೆತಿದ್ದ. ಪಕ್ಕದ ಊರಿನ ಸಂತೆಗೆ ಎಣ್ಣೆ ಡಬ್ಬಿ ಹೇರಿಕೊಂಡು ಹೊರಟವನು ಅವಸರದಲ್ಲಿ ಹೊಸ್ತಿಲ ಮೇಲೆಯೇ 'ಹೋಗಿ ಬರ್ತೀನಿ' ಎಂದುಬಿಟ್ಟ. ಬಾಗಿಲು ತೆರೆದೇ ಉಳಿಯಿತು. ನಾನು ಬೈದುಕೊಂಡು, ನಾಯಿ ಓಡಿಸುತ್ತ ಕೂತಿದ್ದೆ. ಸಂತೆಯಲ್ಲೇ ಅವನ ಎದೆಬಡಿತ ನಿಂತಿತು. ಮರುದಿನ ಬೆಳಿಗ್ಗೆ ನಾಲ್ಕು ಜನ ಅವನನ್ನು ಹೊತ್ತುಕೊಂಡು ಬಂದು ಹೊಸ್ತಿಲು ದಾಟಿಸಿದ ಕೂಡಲೇ ಬಾಗಿಲು ತಾನಾಗಿ ಬಂದು ಮುಚ್ಚಿಕೊಂಡಿತು. ಬರ್ತೀನಿ ಎಂದಿದ್ದ, ಬಂದ. ಸತ್ತ ಮೇಲೂ ಮಾತು ಉಳಿಸಿಕೊಂಡ ಮನುಷ್ಯ ಅವನು. ಇದನ್ನು ಯಾಕೆ ಹೇಳುತ್ತೇನೆಂದರೆ, ಬದುಕಿದ್ದೂ ಮಾತು ಉಳಿಸಿಕೊಳ್ಳದವರ ಕಥೆಯನ್ನು ನಾನೀಗ ಹೇಳಬೇಕಾಗಿದೆ.

ಹನೋಕ್ ಮಲಗಿರುವ ನಮ್ಮ ಗೋರಿಗಳ ಜಾಗ ಊರಿನ ಪೂರ್ವಕ್ಕಿದೆ. ಗೋಡೆಯ ಆಚೆ ಪಿಂಜಾರ ಓಣಿಯ ಮುಸಲ್ಮಾನರ ಖಬರಸ್ತಾನ. ಕಳೆದ ವರ್ಷ ಪುರಸಭೆಯವರು ಹೊಸ ಮಾರುಕಟ್ಟೆಯ ಹೊಲಸು ನೀರು ಹೋಗಲು ಒಂದು ದೊಡ್ಡ ಗಟಾರ ತೋಡುವುದೆಂದು ನಿಶ್ಚಯ ಮಾಡಿದರು. ಸುತ್ತಿ ಹೋಗುವುದಕ್ಕೆ ಸರಕಾರಿ ಬಯಲು ಬೇಕಾದಷ್ಟಿದೆ. ಆದರೆ ಆ ಬಯಲಿನಲ್ಲಿ ಯಾರೋ ದೊಡ್ಡವರ ಕಲ್ಲಿನ ಗಣಿಯ ಲಾರಿಗಳು ನಿಲ್ಲುತ್ತವಂತೆ. ಅದಕ್ಕೆ ಗಟಾರ ನೇರ ಸತ್ತವರ ಮೇಲೆಯೇ ಹಾಯಬೇಕು! ಕೆಂಪು ಬಣ್ಣ ಬಳಿದ ಗೂಟಗಳನ್ನು ನಮ್ಮ ಜಾಗದಲ್ಲೂ ಪಿಂಜಾರರ ಜಾಗದಲ್ಲೂ ನೆಟ್ಟು ಹೋದರು. ಒಂದು ಗೂಟ ಹನೋಕನ ತಲೆಯಿಂದ ಎರಡು ಮಾರು ದೂರದಲ್ಲಿತ್ತು. ನಾನೂ ನಮ್ಮ ಓಣಿಯ ಹಿರಿಯ ಶಮುವೇಲ ಕಾಕಾನೂ ಮೂರು ಸಲ ಪುರಸಭೆಗೆ ಹೋದೆವು. ಮೊದಲ ಸಲ ಸಾಹೇಬರು ಊಟಕ್ಕೆ ಹೋಗಿದ್ದರು, ಎರಡನೆಯ ಸಲ ಬಂದಿರಲಿಲ್ಲ, ಮೂರನೆಯ ಸಲ 'ಚುನಾವಣೆ ಮುಗೀಲಿ, ಆಮ್ಯಾಲೆ ಅಗಿಯೂದು, ಈಗ ಯಾಕ ಗಡಿಬಿಡಿ' ಎಂದರು. ಅಗಿದ ಮೇಲೆ ಹೋಗಿ ಏನು ಕೇಳಲಿ, ಎಲುಬು ಆರಿಸಿ ಕೊಡಿ ಎಂದು ಕೇಳಲೇ?

ಆಗ ನಮಗೆ ಒಂದೇ ದಾರಿ ಕಂಡಿತು. ಯಾರು ವೋಟು ಕೇಳಲು ಬರುತ್ತಾರೋ ಅವರಿಂದ ಹೊಸ್ತಿಲ ಮೇಲೆ ಒಂದೇ ಮಾತು ಆಡಿಸಬೇಕು: ಗಟಾರ ಗೋರಿಗಳ ಮೇಲೆ ಹಾಯುವುದಿಲ್ಲ. ನಮ್ಮೂರಿನಲ್ಲಿ ಕಾಗದ ಪತ್ರಕ್ಕಿಂತ ಗಟ್ಟಿ ಅದು.

ಮೊದಲು ಬಂದವರು ವೃಷಭೇಂದ್ರಪ್ಪ, ಏಣಿ ಗುರುತಿನವರು, ಈಗಿನ ಸದಸ್ಯರು. ಡೊಳ್ಳು, ಹಾರ, ಐವತ್ತು ಜನ. ಜೊತೆಗೆ ಪಟ್ಟಣದಿಂದ ಕರೆಸಿದ ಸಲಹೆಗಾರನೊಬ್ಬ ಬಗಲಲ್ಲಿ ಫೈಲು ಹಿಡಿದು ನಿಂತಿದ್ದ. ಆ ಫೈಲಿನಲ್ಲಿ ಏನು ಬರೆದಿತ್ತೆಂದು ನಮಗೆ ಆಮೇಲೆ ಗೊತ್ತಾಯಿತು: ಯೆಹೂದಿಗಳ ವೋಟು ಬೇಕಾದರೆ ವಿದೇಶಾಂಗ ನೀತಿ ಬೇಕು. ಓಣಿಗೆ ಬಂದವರೇ ಈ ತುದಿಯಿಂದ ಆ ತುದಿಗೆ ನೀಲಿ ಬಿಳಿ ಕಾಗದದ ಪರಪರಿ ತೋರಣ ಕಟ್ಟಿದರು. ನಮ್ಮ ಬಾಗಿಲ ಚೌಕಟ್ಟಿಗೆ ಮೆಝೂಝಾ ಎಂಬ ಸಣ್ಣ ಕೊಳವೆ ಇರುತ್ತದೆ, ಅದರೊಳಗೆ ದೇವರ ವಾಕ್ಯ ಬರೆದ ಸುರುಳಿ; ಬರುವಾಗ ಹೋಗುವಾಗ ಬೆರಳು ಮುಟ್ಟಿಸಿ ಮುತ್ತಿಡುತ್ತೇವೆ. ವೃಷಭೇಂದ್ರಪ್ಪ ಅದಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಕಣ್ಣು ಮುಚ್ಚಿ ಕೈ ಮುಗಿದರು. ಹೋಗಲಿ, ಭಕ್ತಿ ಎಂದುಕೊಂಡು ನಾನು ನಗು ನುಂಗಿದೆ.

"ಸಾಹೇಬ್ರ, ನಮ್ಮದು ಒಂದ ಮಾತು ಐತ್ರಿ," ಎಂದೆ. "ಆ ಗಟಾರ..."

"ಅಕ್ಕಾರ, ನಿಮ್ಮ ನೋವು ನನಗ ಗೊತ್ತೈತಿ!" ಎಂದು ಅವರು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿದರು. ಎರಡೂ ಕಾಲು ನನ್ನ ಹೊಸ್ತಿಲ ಮೇಲೆ ಊರಿ, ಓಣಿಯ ಕಡೆ ತಿರುಗಿ, ಎದೆ ಉಬ್ಬಿಸಿ ಕೂಗಿದರು: "ನನ್ನ ಗೆಲ್ಲಸ್ರಿ, ಯೆರೂಸಲೇಮಿನ್ಯಾಗ ನಮ್ಮ ಊರಿನ ರಾಯಭಾರ ಕಚೇರಿ ತೆರಸ್ತೀನಿ! ಇದು ನನ್ನ ವಚನ!"

ಡೊಳ್ಳು ಬಡಿಯಿತು. ನನ್ನ ಬಾಗಿಲು ಗೋಡೆಗೆ ಅಂಟಿದಂತೆ ನಿಂತುಬಿಟ್ಟಿತು. ಪುರಸಭೆಯ ಸದಸ್ಯ, ತನ್ನ ವಾರ್ಡಿನಲ್ಲಿ ಬೀದಿ ದೀಪ ಹಾಕಿಸಲಾಗದವನು, ಸಮುದ್ರದಾಚೆ ರಾಯಭಾರ ಕಚೇರಿ ತೆರೆಸುತ್ತಾನಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನು ಧ್ವನಿ ಏರಿಸಿ ಮತ್ತೆ ಕೇಳಿದೆ: "ಸಾಹೇಬ್ರ, ಗಟಾರದ್ದು ಹೇಳ್ರಿ. ನಮ್ಮ ಗೋರಿ ಮ್ಯಾಲೆ ಹಾಯಂಗಿಲ್ಲ ಅಂತ ಇಲ್ಲೇ ನಿಂತು ಒಂದ ಮಾತು ಹೇಳ್ರಿ."

ಆಗ ಅವರು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪಂಚೆ ಸರಿಮಾಡಿಕೊಂಡು, ಹೊಸ್ತಿಲಿನಿಂದ ಮೆಲ್ಲಗೆ ಇಳಿದು, ಬೀದಿಯ ಮಣ್ಣಿನಲ್ಲಿ ಕಾಲಿಟ್ಟು, ಆಮೇಲೆ ಹೇಳಿದರು: "ನೋಡೂಣಂತ ಅಕ್ಕಾರ."

ಅಂದರೆ ನಿಯಮ ಅವರಿಗೆ ಚೆನ್ನಾಗಿ ಗೊತ್ತಿತ್ತು! ತಾನು ಮಾಡಬಹುದಾದ ಕೆಲಸದ ಮಾತು ಬೀದಿಯಲ್ಲಿ, ತನ್ನ ಕೈಯಲ್ಲಿ ಆಗದ ಕೆಲಸದ ಮಾತು ನನ್ನ ಹೊಸ್ತಿಲ ಮೇಲೆ. ಹನ್ನೊಂದು ಮನೆಗೂ ಹೋಗಿ ಅದೇ ವಚನ ಕೊಟ್ಟರು. ಅವರು ಓಣಿ ದಾಟುವಷ್ಟರಲ್ಲಿ ಶನಿವಾರದ ಓಣಿಯ ಒಂದು ಬಾಗಿಲೂ ಮುಚ್ಚುತ್ತಿರಲಿಲ್ಲ. ಎದುರು ಪಕ್ಷದ ಅಭ್ಯರ್ಥಿ ಸುದ್ದಿ ಕೇಳಿ, ಮಾರುಕಟ್ಟೆಯಲ್ಲಿ ಭಾಷಣ ಮಾಡಿ, ತಾನು ಅಂಥವು ಎರಡು ಕಚೇರಿ ತೆರೆಸುತ್ತೇನೆ ಎಂದನಂತೆ. ಅವನು ನಮ್ಮ ಓಣಿಗೆ ಬರಲಿಲ್ಲ, ಅದೇ ಪುಣ್ಯ.

ಬಾಗಿಲಿಲ್ಲದ ಬದುಕು ಹೇಗಿರುತ್ತದೆಂದು ಹೇಳುತ್ತೇನೆ ಕೇಳಿ. ಆಡುಗಳು ಬಂದು ಶೇಂಗಾ ಹಿಂಡಿ ತಿಂದು ಹೋದವು. ಕಾಯಿಸಿದ ಎಣ್ಣೆಯಲ್ಲಿ ಬೀದಿಯ ಧೂಳು. ಶುಕ್ರವಾರ ಸಂಜೆ, ನಮ್ಮ ಬಿಡುವಿನ ದಿನವಾದ ಸಬ್ಬತ್ತಿನ ದೀಪ ಹಚ್ಚಿ ನಾನು ಕೈಯಿಂದ ಕಣ್ಣು ಮುಚ್ಚಿ ಪ್ರಾರ್ಥಿಸಿ ಕೈ ತೆಗೆಯುವುದರೊಳಗೆ ಗಾಳಿ ನುಗ್ಗಿ ಎರಡೂ ದೀಪ ಆರಿಹೋದವು. ಒಮ್ಮೆ ಆರಿದರೆ ಮರುದಿನ ಸಂಜೆಯವರೆಗೆ ನಾವು ಬೆಂಕಿ ಮುಟ್ಟುವಂತಿಲ್ಲ. ಕತ್ತಲಲ್ಲಿ ಊಟ ಮಾಡಿದೆ, ಅಳುತ್ತಲೇ ಮಾಡಿದೆ. ಮೊದಲೆಲ್ಲ ಬಾಗಿಲು ತೆರೆದಿದ್ದರೆ ದಾರಿಯಲ್ಲಿ ಹೋಗುವವರು 'ಯಾರ ಮಾತು ಇದು?' ಎಂದು ಕೇಳಿ, ಮಾತು ಕೊಟ್ಟವನ ಮನೆ ಮುಂದೆ ಹೋಗಿ ಉಗಿದು ಬರುತ್ತಿದ್ದರು. ಮಾತು ಕೊಟ್ಟವನಿಗೆ ಅದೇ ಹೆದರಿಕೆ. ಈಗ ಕೇಳಿದವರು ತಲೆಯಾಡಿಸಿ, 'ಅಂತರರಾಷ್ಟ್ರೀಯ ವಿಷಯ, ತಡ ಆಗತೈತಿ' ಎಂದು ಹೋಗುತ್ತಿದ್ದರು. ಇನ್ನು ಕೆಲವರ ಕಣ್ಣಿನಲ್ಲಿ ಬೇರೆಯೇ ಮಾತಿತ್ತು. ಇವರು ಇಲ್ಲಿ ಉಂಡು ಅಲ್ಲಿಯದನ್ನು ಕೇಳುವವರು ಎಂಬ ಮಾತು.

ನಾನು ಆ ದೇಶ ನೋಡಿದವಳಲ್ಲ. ಆದರೆ ಅದರ ಹೆಸರು ನಮ್ಮ ಪ್ರಾರ್ಥನೆಯಲ್ಲಿದೆ, ಇಲ್ಲವೆಂದು ಯಾಕೆ ಹೇಳಲಿ. ಪಸ್ಕ ಹಬ್ಬದ ಊಟದ ಕೊನೆಗೆ 'ಮುಂದಿನ ವರ್ಷ ಯೆರೂಸಲೇಮಿನಲ್ಲಿ' ಎನ್ನುತ್ತೇವೆ. ಅದನ್ನೂ ನಮ್ಮ ಹಿರಿಯರು ಹಿತ್ತಲ ಕೋಣೆಯಲ್ಲಿ, ಹೊಸ್ತಿಲಿನಿಂದ ದೂರ ಕೂತು ಹೇಳಲು ಕಲಿಸಿದ್ದಾರೆ. ಅವರಿಗೆ ಅಷ್ಟು ತಿಳಿವಳಿಕೆ ಇತ್ತು. ಅಲ್ಲಿ ಮಕ್ಕಳು ಸತ್ತ ಸುದ್ದಿ ಬಂದರೆ, ಯಾವ ಕಡೆಯ ಮಕ್ಕಳಾದರೂ, ನನ್ನ ಕರುಳು ಚುರುಕ್ ಎನ್ನುತ್ತದೆ. ಆದರೆ ಅದು ನನಗೂ ನನ್ನ ದೇವರಿಗೂ ಬಿಟ್ಟ ವಿಷಯ. ನಾನು ಈ ಊರಿನ ನೀರು ಕುಡಿದವಳು, ಈ ಊರಿನ ಮಣ್ಣಿನಲ್ಲಿ ಗಂಡನನ್ನು ಇಟ್ಟವಳು. ನನ್ನ ಮುಖ ನೋಡಿದರೆ ನಿಮಗೆ ಬೇರೆ ದೇಶ ಯಾಕೆ ಕಾಣಬೇಕು?

ಮೂರನೆಯ ದಿನ ದಾವಲಬಿ ಬಂದಳು. ಪಿಂಜಾರ ಓಣಿಯವಳು, ಹತ್ತಿ ಹಿಂಜಿ ಗಾದಿ ಹೊಲಿಯುವವಳು, ನನ್ನ ಓರಗೆಯವಳು. ನನ್ನ ಮದುವೆಯ ಗಾದಿ ಹೊಲಿದದ್ದು ಅವಳ ತಾಯಿ. ಯಾವಾಗಲೂ ನಕ್ಕೇ ಬರುವವಳು ಅವತ್ತು ಅಂಗಳದಲ್ಲೇ ನಿಂತಳು.

"ಮಲ್ಕಾ, ಖರೇ ಹೇಳು. ಆ ರಾಯಭಾರ ಕಚೇರಿ ಮಾತು ನೀವು ಕೇಳಿ ಆಡಿಸಿದ್ರೇನು?"

ನನಗೆ ಮೈ ಉರಿದುಹೋಯಿತು. "ನಾ ಕೇಳಿದ್ದು ಗಟಾರದ್ದು! ನನ್ನ ಗಂಡನ ತಲಿ ಮ್ಯಾಲೆ ಮಾರ್ಕೆಟ್ಟಿನ ಹೊಲಸು ಹರೀಬಾರದು ಅಂತ ಕೇಳಿದ್ದು! ನೀನೂ ಹಿಂಗ ಕೇಳ್ತಿಯೇನ ದಾವಲಬಿ?"

ಅವಳು ಜಗಲಿಯ ಮೇಲೆ ಕುಸಿದು ಕೂತಳು. ಅವಳ ತಲೆ, ಹುಬ್ಬು, ಸೆರಗು ಎಲ್ಲ ಹತ್ತಿಮಯವಾಗಿತ್ತು. "ನಮ್ಮ ಬಾಗಲಾನೂ ಮುಚ್ಚವಲ್ದು," ಎಂದಳು. "ಹಿಂಜಿದ ಹತ್ತಿ ಎಲ್ಲಾ ಓಣಿ ತುಂಬ ಹಾರಾಡಾಕತ್ತೈತಿ. ಅವ್ವಾ, ಆ ವೃಷಭೇಂದ್ರಪ್ಪ ನಮ್ಮ ಓಣಿಗೂ ಬಂದಿದ್ದ. ಆ ದೇಶದ ರಾಯಭಾರಿನ ನಮ್ಮ ರಾಜಧಾನಿಯಿಂದ ಓಡಸ್ತೀನಿ ಅಂತ ಹದಿನಾಲ್ಕೂ ಮನೀ ಹೊಸ್ತಲ ಮ್ಯಾಲೆ ನಿಂತು ವಚನಾ ಕೊಟ್ಟ. ನಾವು ಕೇಳಿದ್ದು ಏನು ಹೇಳು? ಗಟಾರ!"

"ಗಟಾರದ್ದು ಕೇಳಿದಾಗ ಏನಂದ?"

"ಕೆಳಗ ಇಳದು, ನೋಡೂಣಂತ ಅಂದ."

ಒಂದೇ ದಿನ, ಒಂದೇ ಬಾಯಿ, ಎರಡು ಓಣಿ. ಎರಡು ಗೋರಿಸ್ಥಾನದ ನಡುವೆ ಒಂದು ಗೋಡೆಯಿದೆ ಎಂಬುದನ್ನು ಮಾತ್ರ ನೋಡಿದ ಮನುಷ್ಯನಿಗೆ ಗೋಡೆಯ ಎರಡೂ ಕಡೆ ಒಂದೇ ಗೂಟ ನೆಟ್ಟಿರುವುದು ಕಾಣಲಿಲ್ಲ. ನಾನು ಎದ್ದೆ. ಶಮುವೇಲ ಕಾಕಾನ ಬಳಿ ಹೋಗಿ ಓಣಿಯವರನ್ನೆಲ್ಲ ಕೂಡಿಸಿ, ಮಾಡಬೇಕೆಂದಿದ್ದನ್ನು ಹೇಳಿ ಒಪ್ಪಿಗೆ ತೆಗೆದುಕೊಂಡೆ. ದಾವಲಬಿಯೂ ತನ್ನ ಓಣಿಯಲ್ಲಿ ಕೇಳಿ ಬಂದಳು.

ಮರುದಿನ ಬೆಳಿಗ್ಗೆ, ಮತದಾನಕ್ಕೆ ಇನ್ನು ನಾಲ್ಕು ದಿನವಿರುವಾಗ, ವೃಷಭೇಂದ್ರಪ್ಪನವರ ಮನೆಯಲ್ಲಿ ಕಾರ್ಯಕರ್ತರಿಗೆ ಉಪ್ಪಿಟ್ಟು ನಡೆದಿತ್ತು. ಮಾರುಕಟ್ಟೆ ಬೀದಿಗೆ ಮುಖಮಾಡಿದ ದೊಡ್ಡ ಮನೆ, ತೇಗದ ಬಾಗಿಲು. ನಾನು ಸೀದಾ ಹೋಗಿ ಹೊಸ್ತಿಲು ಹತ್ತಿ ನಿಂತೆ. ಕೈಯಲ್ಲಿದ್ದ ಉಪ್ಪಿಟ್ಟು ಬಿಟ್ಟು ಅವರು ಓಡಿ ಬಂದರು. "ಅಕ್ಕಾರ, ಅಕ್ಕಾರ, ಇಳದು ಮಾತಾಡ್ರಿ!"

"ಆ ಕಚೇರಿ ವಚನಾ ಕೊಡೂ ಮುಂದ ನೀವು ನಮ್ಮ ಮನ್ಯಾಗ ಇಳದ್ರೇನ್ರಿ?" ಎಂದೆ. ಬೀದಿಯವರಿಗೆಲ್ಲ ಕೇಳುವಂತೆ ಹೇಳಿದೆ: "ಯೆರೂಸಲೇಮಿನ್ಯಾಗ ನಮ್ಮ ಊರಿನ ರಾಯಭಾರ ಕಚೇರಿ ತೆರದ ದಿನಾ, ಶನಿವಾರದ ಓಣಿಯ ನಲವತ್ತೊಂದೂ ವೋಟು ಈ ವೃಷಭೇಂದ್ರಪ್ಪನವರಿಗೆ ಕೊಡ್ತೀವಿ. ಇದು ನಮ್ಮ ವಚನ."

ತೇಗದ ಬಾಗಿಲು ನಿಂತಲ್ಲೇ ನಿಂತಿತು. ಅಷ್ಟರಲ್ಲಿ ಹಿತ್ತಲ ಬಾಗಿಲಿನ ಹೊಸ್ತಿಲ ಮೇಲಿನಿಂದ ದಾವಲಬಿಯ ಧ್ವನಿ ಕೇಳಿತು. ಅವಳ ಧ್ವನಿ ಮೊದಲೇ ನಗಾರಿ. "ಆ ದೇಶದ ರಾಯಭಾರಿ ಓಡಿದ ದಿನಾ, ಪಿಂಜಾರ ಓಣಿಯ ಅರವತ್ತೂ ವೋಟು ಇವರಿಗೇ ಕೊಡ್ತೀವಿ! ಇದು ನಮ್ಮ ವಚನಾ!"

ಮುಂದಿನ ಬಾಗಿಲಲ್ಲಿ ನಿಂತವರು ಹಿಂದಿನ ಬಾಗಿಲಿನ ಮಾತು ಕೇಳಿದರು, ಹಿಂದಿನವರು ಮುಂದಿನದನ್ನು ಕೇಳಿದರು. ಉಪ್ಪಿಟ್ಟು ತಿನ್ನುತ್ತಿದ್ದವರು ತಟ್ಟೆ ಹಿಡಿದೇ ಕೂತರು. ಮೊದಲು ನಕ್ಕವಳು ತರಕಾರಿ ಮಾರುವ ಒಬ್ಬ ಮುದುಕಿ. ಆಮೇಲೆ ಇಡೀ ಬೀದಿ ನಕ್ಕಿತು. ಫೈಲಿನ ಸಲಹೆಗಾರ ಎಲ್ಲಿ ಕರಗಿಹೋದನೋ, ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

ನಾವು ನಗಲಿಲ್ಲ. ಎರಡು ದಿನ ಅವರ ಮನೆ ಹಾಗೇ ತೆರೆದಿತ್ತು. ಪಡಸಾಲೆಯಲ್ಲಿ ಒಟ್ಟಿದ್ದ ಹಂಚುವ ಸೀರೆಗಳು, ಕುಕ್ಕರುಗಳು, ಪುರಸಭೆಯ ಮುದ್ರೆಯಿದ್ದ ಸಿಮೆಂಟಿನ ಚೀಲಗಳು, ಎಲ್ಲವನ್ನೂ ಬೀದಿ ಕಣ್ಣು ತುಂಬ ನೋಡಿತು. ಆಡುಗಳು ಅಲ್ಲಿಗೂ ಹೋದವು. ಎರಡನೆಯ ದಿನ ಸಂಜೆ ಅವರು ಡೊಳ್ಳಿಲ್ಲದೆ, ಹಾರವಿಲ್ಲದೆ, ಒಬ್ಬರೇ ನಮ್ಮ ಓಣಿಗೆ ಬಂದರು.

"ಅಕ್ಕಾರ, ಮರ್ಯಾದಿ ಹೋತ್ರಿ. ನಿಮ್ಮ ಮಾತು ಹಿಂದಕ್ಕ ತಗೋರಿ, ಆಮ್ಯಾಲೆ ನಾನೂ ತಗೋತೀನಿ."

"ಮೊದಲು ನೀವು," ಎಂದೆ. "ನಿಮ್ಮ ಮಾತಿನ ಮ್ಯಾಲೆ ಭರೋಸಾ ಇದ್ದಿದ್ರ ನಾವು ನಿಮ್ಮ ಹೊಸ್ತಲ ತನಕ ಯಾಕ ಬರ್ತಿದ್ವಿ?"

"ಆದ್ರ ನಾ ಏನು ತಪ್ಪು ಮಾಡೀನ್ರಿ? ನಿಮಗ ಬೇಕಾದ್ದನ್ನ ಹೇಳೀನಿ. ನಿಮ್ಮ ಮಂದಿಗೆ ಅದ ಬೇಕಂತ ಫೈಲಿನ್ಯಾಗ ಬರದಿತ್ರಿ."

ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ನಮ್ಮ ಗಾಣದ ಎಣ್ಣೆ ತಿಂದ ಮನುಷ್ಯ! ನಮಗೇನು ಬೇಕೆಂದು ತಿಳಿಯಲು ಅವರಿಗೆ ಫೈಲು ಬೇಕಾಯಿತು. ನಾನು ಎದುರಿಗೇ ನಿಂತು ಎರಡು ಸಲ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಕಡೆಗೆ ಅವರು ಮನೆ ಮನೆಗೆ ಹೋಗಿ, ಹೊಸ್ತಿಲು ಹತ್ತಿ, ತಲೆ ತಗ್ಗಿಸಿ ಹೇಳಿದರು: "ನನ್ನ ಮಾತು ಹಿಂದಕ್ಕ ತಗೊಂಡೆ." ಒಂದೊಂದೇ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಓಣಿಯ ಹೆಂಗಸರು ಬಾಗಿಲು ತೆರೆದು ಮುಚ್ಚಿ ತೆರೆದು ಮುಚ್ಚಿ ಹಬ್ಬ ಮಾಡಿದರು. ಕೊನೆಯದು ನನ್ನ ಮನೆ. ಅಲ್ಲಿಯೂ ಹಿಂದಕ್ಕೆ ತೆಗೆದುಕೊಂಡು ಇಳಿಯಹೋದವರನ್ನು ನಾನು ತಡೆದೆ. "ಇಳಿಬ್ಯಾಡ್ರಿ. ಗಟಾರದ್ದು ಉಳೀತು."

ಆಗ ಶಮುವೇಲ ಕಾಕಾ ನನ್ನನ್ನು ಪಕ್ಕಕ್ಕೆ ಕರೆದ. "ಮಲ್ಕಾ, ಯೋಚನಿ ಮಾಡವ್ವಾ. ಇದು ಮಾಡ್ತೀನಿ ಅನ್ನೂ ಮಾತಲ್ಲ, ಮಾಡಂಗಿಲ್ಲ ಅನ್ನೂ ಮಾತು. ಇದಕ್ಕ ತುದಿ ಇಲ್ಲ. ಗಟಾರ ಹಾಯದ ಇರೂತನಕ ಈ ಮಾತು ನಡಕೋಂತನ ಇರತೈತಿ, ಬಾಗಲಾ ತೆರದಿರತೈತಿ. ಗಟಾರ ಹಾದು ಮಾತು ಸತ್ತ ದಿನಾ ಅಷ್ಟ ಮುಚ್ಚತೈತಿ. ನೀ ಬದುಕಿರೂತನಕ ಬಾಗಲಾ ಇಲ್ಲದ ಇರಬೇಕಾಗತೈತಿ. ನಾ ಮುದುಕ, ನನ್ನ ಹೊಸ್ತಲ ಮ್ಯಾಲೆ ಆಡಿಸೂಣು."

"ಬ್ಯಾಡ ಕಾಕಾ. ಅಲ್ಲಿ ಮಲಗಿದಾಂವ ನನ್ನ ಗಂಡ," ಎಂದೆ.

ವೃಷಭೇಂದ್ರಪ್ಪ ಹೇಳಿದರು: "ಗಟಾರ ಗೋರಿಗಳ ಮ್ಯಾಲೆ ಹಾಯಂಗಿಲ್ಲ. ಇದು ನನ್ನ ವಚನ." ಬಾಗಿಲು ಮತ್ತೆ ಗೋಡೆಗೆ ಅಂಟಿತು. ಅವರು ಪಿಂಜಾರ ಓಣಿಗೆ ಹೋಗಿ ಅಲ್ಲಿಯೂ ಎಲ್ಲ ಮನೆಯ ಮಾತು ಹಿಂದಕ್ಕೆ ತೆಗೆದುಕೊಂಡು, ದಾವಲಬಿಯ ಹೊಸ್ತಿಲ ಮೇಲೆ ಇದೇ ಮಾತು ಆಡಿದರು. ಆಮೇಲೆ ನಾವಿಬ್ಬರೂ ಹೋಗಿ ಅವರ ಮನೆಯ ಮುಂಬಾಗಿಲನ್ನೂ ಹಿಂಬಾಗಿಲನ್ನೂ ಬಿಡಿಸಿ ಬಂದೆವು.

ಅವರೇ ಗೆದ್ದರು, ಒಂಬತ್ತು ವೋಟಿನಿಂದ. ನಾವು ಯಾರಿಗೆ ಹಾಕಿದೆವು ಎಂದು ಕೇಳಬೇಡಿ, ಅದನ್ನು ನಾನು ಹೊಸ್ತಿಲ ಮೇಲೂ ಹೇಳುವುದಿಲ್ಲ, ಬೀದಿಯಲ್ಲೂ ಹೇಳುವುದಿಲ್ಲ. ಗಟಾರ ಬಯಲು ಸುತ್ತಿ ಹೋಯಿತು. ಕೆಂಪು ಗೂಟಗಳನ್ನು ಕಿತ್ತರು. ಪತ್ರಿಕೆಯವರು ಬಂದು ಮತ್ತೆ ಗೆದ್ದ ಸದಸ್ಯರ ಉದಾರತೆಯ ಬಗ್ಗೆ ನನ್ನನ್ನು ಕೇಳಿದಾಗ ನಾನು ಅವರಿಗೆ ಧೂಳು ತುಂಬಿದ ಪಡಸಾಲೆ ತೋರಿಸಿದೆ. ದೀಪವನ್ನೀಗ ಒಳಕೋಣೆಯಲ್ಲಿ ಹಚ್ಚುತ್ತೇನೆ. ಮಳೆಗಾಲದಲ್ಲಿ ಗೋಣಿ ತಟ್ಟು ಇಳಿಬಿಡುತ್ತೇನೆ. ಎಣ್ಣೆ ಒಯ್ಯಲು ಬಂದವರು 'ಪಾಪ' ಎನ್ನುತ್ತಾರೆ. ನಮ್ಮದೇ ಸತ್ತವರನ್ನು ನಮ್ಮದೇ ಮಣ್ಣಿನಲ್ಲಿ ಸುಮ್ಮನೆ ಮಲಗಲು ಬಿಡಿ ಎಂದು ಕೇಳಿದ್ದಕ್ಕೆ ಇಬ್ಬರು ಹೆಂಗಸರು ಇಷ್ಟು ತೆರಬೇಕಾಯಿತಲ್ಲ.

ಊರಿನವರೆಲ್ಲ ಮುಚ್ಚದ ಬಾಗಿಲಿಗೆ ಹೆದರುತ್ತಾರೆ. ನಾನು ಮಾತ್ರ ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಅದು ಮುಚ್ಚಿದೆಯೇನೋ, ಮಾತು ಸತ್ತಿತೇನೋ ಎಂದು ಓಡಿ ಬಂದು ನೋಡುತ್ತೇನೆ. ಅಷ್ಟು ಹೊತ್ತಿಗೆ ಓಣಿಯ ತಿರುವಿನಿಂದ ದಾವಲಬಿ ಕೂಗುತ್ತಾಳೆ.

"ತೆರದೈತೇನ ಮಲ್ಕಾ?"

"ತೆರದೈತಿ. ನಿಂದು?"

"ನಂದೂ ತೆರದೈತಿ," ಎನ್ನುತ್ತಾಳೆ. ಆಮೇಲೆ ನಾನು ಗಾಣಕ್ಕೆ ಹೋಗುತ್ತೇನೆ, ಅವಳು ಹತ್ತಿಗೆ.